ಬಳೆಗಳ ನಡುವಿನ ಟಿಕೆಟ್

ವಾಸುದೇವಣ್ಣ, ಆ ಲಾಟರಿಯಲ್ಲಿ ಮೋಸ ಮಾಡಿದವಳು ನಾನು. ಡಬ್ಬಕ್ಕೆ ಹಾಕೆಂದು ಶೋಭಾ ಕೊಟ್ಟ ಟಿಕೆಟ್ಟನ್ನು ಮಡಚಿ ನನ್ನ ಬಳೆಗಳ ನಡುವೆ ಸಿಕ್ಕಿಸಿಕೊಂಡಿದ್ದೆ. ಮೊದಲ ಬಹುಮಾನದ ಟಿಕೆಟ್ ಎತ್ತಲು ನೀವೇ ನನ್ನನ್ನು ಕರೆದಿರಿ. ಕೈ ಹಾಕಿ ಅದನ್ನೇ ಎತ್ತಿದೆ. ಈಗ, ನೀವು ಹೋದ ಮೇಲೆ ಹೇಳುತ್ತಿದ್ದೇನೆ — ಥೂ, ನನ್ನ ಧೈರ್ಯಕ್ಕಿಷ್ಟು ಬೆಂಕಿ ಹಾಕ.

ನಮ್ಮ ಧಾರವಾಡದ ಭಿಶಿಯಲ್ಲಿ ಇದು ತಪ್ಪಲ್ಲ. ತಿಂಗಳಿಗೊಮ್ಮೆ ಹೆಂಗಸರೆಲ್ಲ ದುಡ್ಡು ಹಾಕುತ್ತೇವೆ, ಚೀಟಿ ಎತ್ತುವಾಗ ಯಾರ ಮನೆಯಲ್ಲಿ ಕಷ್ಟವೋ ಅವರ ಹೆಸರೇ ಮೊದಲು ಬರುವಂತೆ ಸದ್ದಿಲ್ಲದೆ ನೋಡಿಕೊಳ್ಳುತ್ತೇವೆ. ಶೋಭಾಳ ಗಂಡ ಆಸ್ಪತ್ರೆಯಲ್ಲಿದ್ದ. ಇಲ್ಲಿ ಲಂಡನ್ನಿನ ಕ್ರೋಯ್ಡನ್‌ನಲ್ಲಿ, ನಮ್ಮ ಕನ್ನಡದವರ ಆ ಯುಗಾದಿಯಲ್ಲಿ, ಮೊದಲ ಬಹುಮಾನದ ಚಿನ್ನದ ನಾಣ್ಯ ಅವಳಿಗೇ ಹೋಗಲಿ ಅಂದುಕೊಂಡೆ. ಪುಣ್ಯ ಕಟ್ಟಿಕೊಳ್ಳಲು ಹೊರಟಿದ್ದೆ, ನೋಡಿ! ಟಿಕೆಟ್ ಕೊಂಡ ಉಳಿದವರು ಏನು ಪಾಪ ಮಾಡಿದ್ದರು — ಅದು ಹೊಳೆಯಲೇ ಇಲ್ಲ.

ಡ್ರಾ ಸರಿಯಿರಲಿಲ್ಲವೆಂದು ಯಾರೋ ಲಾಟರಿಗೆ ಪರವಾನಗಿ ಕೊಟ್ಟಿದ್ದ ಊರಿನ ಕೌನ್ಸಿಲ್‌ಗೆ ದೂರು ಕೊಟ್ಟರು. ಶೋಭಾ ನಿಮ್ಮ ಉಡುಪಿಯವಳು, ಟಿಕೆಟ್ಟಿನ ಮೇಲೆ ಲಾಟರಿ ನಡೆಸುವವರೆಂದು ಅಚ್ಚಾಗಿದ್ದದ್ದೂ ನಿಮ್ಮ ಹೆಸರೇ. ಅನುಮಾನ ನೇರ ನಿಮ್ಮ ಮೇಲೆ ಬಂತು. ಆ ಲಾಟರಿಯ ದುಡ್ಡಿನಲ್ಲೇ ನಿಮ್ಮ ಶನಿವಾರದ ಕನ್ನಡ ಕ್ಲಾಸ್ ನಡೆಯುತ್ತಿತ್ತು. ಬಂದ ಅಧಿಕಾರಿ ಕೆಟ್ಟವಳಲ್ಲ. ನಡೆದದ್ದನ್ನು ನಡೆದ ಹಾಗೆ ಒಪ್ಪಿಕೊಂಡು ಮತ್ತೆ ಡ್ರಾ ಮಾಡಿದರೆ ಎಚ್ಚರಿಕೆ ಕೊಟ್ಟು ಬಿಡುತ್ತೇವೆ, ಮುಚ್ಚಿಟ್ಟರೆ ಪರವಾನಗಿ ರದ್ದು ಎಂದಳು.

ನೀವು ಹಾಲ್‌ನ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದಿರಿ.

"ತಂಗಿ, ನಿಂಗೆ ಎಂತಾದ್ರೂ ಗೊತ್ತುಂಟಾ?"

"ಇಲ್ರಿ ಅಣ್ಣಾರ, ನನಗೇನೂ ಗೊತ್ತಿಲ್ರಿ."

ಅಷ್ಟೇ. ಪರವಾನಗಿ ಹೋಯಿತು, ಕ್ಲಾಸೂ ಮುಚ್ಚಿತು. ಶೋಭಾ ನಾಣ್ಯ ಮರಳಿಸಿ ನಮ್ಮ ಕಡೆ ಬರುವುದನ್ನೇ ಬಿಟ್ಟಳು. ಊರವರ ಮೇಲೆ ಪ್ರೀತಿ ಜಾಸ್ತಿಯಂತೆ ಎಂದು ಜನ ನಿಮ್ಮ ಬೆನ್ನ ಹಿಂದೆ ಆಡಿಕೊಂಡು ನಗುವಾಗ ನಾನೂ ಅವರ ನಡುವೆ ನಿಂತಿದ್ದೆ — ನಗಲಿಲ್ಲ ಎಂದು ಹೇಳಲಾರೆ.

ಹೋದ ಭಾನುವಾರ ನಿಮ್ಮ ಶ್ರದ್ಧಾಂಜಲಿ ಸಭೆ. ನನಗಿಂತ ಮೊದಲು ಮಾತಾಡಿದವರು, "ಆ ಲಾಟರಿ ವಿಷಯ ಒಂದು ಬಿಟ್ರೆ ದೇವರಂಥ ಮನುಷ್ಯ, ಅಲ್ವಾ?" ಎಂದು ಮೈಕನ್ನು ನನ್ನ ಕೈಗೆ ಕೊಟ್ಟರು. ಹೇಳಿಬಿಡಬೇಕೆಂದೇ ಹೋಗಿದ್ದೆ, ಅಣ್ಣಾ, ನಿಮ್ಮಾಣೆ — ಮುಂದಿನ ಸಾಲಿನಲ್ಲಿ ಅತ್ತಿಗೆ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು.

"ಹೌದ್ರಿ," ಎಂದೆ. ಮೈಕನ್ನು ಪಕ್ಕದವರಿಗೆ ದಾಟಿಸಿದೆ.