ಮೊದಲು ಅದಕ್ಕೆ ಗಾಳಿ

ವಡೋದರಾದ ಗೋರ್ವಾದಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು ಉಡುಪಿ ಕಡೆಯವನು. ಗ್ರಾಫಿಕ್ಸ್ ಕಾರ್ಡ್ ಕೈಗೆ ಸಿಕ್ಕರೆ ಮೊದಲು ಭೂತಗನ್ನಡಿ ಹಿಡಿದು ಮೆಮೊರಿ ಚಿಪ್‌ಗಳ ಮೇಲಿನ ನಂಬರು ಓದುತ್ತಿದ್ದ. ಕೊನೆಯ ಅಂಕೆ ಸಣ್ಣದಿದ್ದರೆ ಚಿಪ್ ಚುರುಕು ಎಂದರ್ಥ, ಮುಖ ಅರಳುತ್ತಿತ್ತು. ಬಿಸಿ ಹೀರುವ ಹಳೆಯ ಹೀಟ್‌ಸಿಂಕನ್ನು ಗರಗಸದಲ್ಲಿ ತುಂಡು ಮಾಡಿ ಒಂದೊಂದು ಚಿಪ್‌ಗೂ ಅಂಟಿಸಿ, ಕಾರ್ಡನ್ನು ಕಂಪನಿ ಹೇಳಿದ ವೇಗಕ್ಕಿಂತ ಜೋರಾಗಿ ಓಡಿಸುತ್ತಿದ್ದ. ಮೇ ತಿಂಗಳ ಸೆಕೆಯಲ್ಲೂ ಮನೆಗಿದ್ದ ಒಂದೇ ಟೇಬಲ್ ಫ್ಯಾನು ಬಿಚ್ಚಿಟ್ಟ ಕಂಪ್ಯೂಟರಿನ ಕಡೆಗೆ. ನಾನು ಬೈದರೆ, “ಮೊದಲು ಅದಕ್ಕೆ ಗಾಳಿ ಮಾರಾಯ, ನಮ್ಮದು ಮತ್ತೆ” ಎನ್ನುತ್ತಿದ್ದ.

ಸೂರತ್ತಿನಲ್ಲಿ ಕೆಲಸ ಸಿಕ್ಕಿ ಹೊರಟ ದಿನ ಕಂಪ್ಯೂಟರನ್ನು ರಟ್ಟಿನ ಪೆಟ್ಟಿಗೆಗೆ ತುಂಬಿದ. ಬಾಗಿಲವರೆಗೆ ಹೋದವನು ವಾಪಸು ಬಂದು ಫ್ಯಾನನ್ನು ನನ್ನ ಕಡೆ ತಿರುಗಿಸಿದ.

“ಇನ್ನು ನಿನಗೇ ಮಾರಾಯ.”

ಅವನ ರಿಕ್ಷಾ ಮರೆಯಾದ ಮೇಲೆ ಫ್ಯಾನನ್ನು ಮತ್ತೆ ಅವನ ಕಂಪ್ಯೂಟರಿದ್ದ ಖಾಲಿ ಮೇಜಿನ ಕಡೆಗೇ ತಿರುಗಿಸಿ, ಬೆವರುತ್ತಾ ಕೂತೆ.