ತಾಂಡೇಲ ದೇವರಾಜ ಎಳೆದು ಕಟ್ಟಿದ ವೈರು

ಹೊನ್ನಾವರದ ಹತ್ತಿರದ ಕಾಸರಕೋಡಿನ ದೇವರಾಜ ಹರಿಕಂತ್ರನಿಗೆ ಸಿಟ್ಟು ಬಂದರೆ ಮೊದಲು ಕೈ ಹೋಗುತ್ತಿತ್ತು. ಕಾರಣ ಆಮೇಲೆ ನಿಧಾನಕ್ಕೆ ನಡೆದುಕೊಂಡು ಬರುತ್ತಿತ್ತು. ದೋಣಿಯ ಇಂಜಿನ್ ಶುರುವಾಗದಿದ್ದರೆ ಒದೆ, ಟಿವಿಯಲ್ಲಿ ಚಿತ್ರ ಕುಣಿದರೆ ಅದರ ತಲೆಗೊಂದು ಪೆಟ್ಟು, ಮೀನಿನ ಹರಾಜಿನಲ್ಲಿ ಅಡ್ಡ ಮಾತಾಡಿದವರಿಗೂ ಅದೇ ಔಷಧ. ಹೊನ್ನಾವರ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ನನಗೆ ಅವನ ಪರಿಚಯವಾದದ್ದು ಒಂದು ಕೀಬೋರ್ಡಿನಿಂದ. ತಂದಾಗಲೇ ಅದು ಎರಡು ತುಂಡಾಗಿತ್ತು. ತಾನಾಗಿಯೇ ಒಡೆಯಿತು ಎಂದ. ಅವನ ಮುಷ್ಟಿಯ ಗಾತ್ರ ನೋಡಿ ನಾನೂ ಹಾಗೆಯೇ ಇರಬೇಕೆಂದು ಒಪ್ಪಿಕೊಂಡೆ.

ಅವನ ಅಣ್ಣ ಕಮಲಾಕರನೂ ತಾಂಡೇಲನೇ, ಅಂದರೆ ದೋಣಿಯ ಚುಕ್ಕಾಣಿ ಹಿಡಿಯುವವನು. ಕೆಲವು ವರ್ಷಗಳ ಹಿಂದೆ ಅಪ್ಪನ ದೋಣಿ, ಬಲೆ ಪಾಲಾಗುವ ದಿನ ಇಬ್ಬರೂ ಅಂಗಳದಲ್ಲಿ ಹೊಡೆದಾಡಿಕೊಂಡಿದ್ದರು. ಅಣ್ಣನ ಮುಂದಿನ ಹಲ್ಲು ಉದುರಿತು. ತಮ್ಮನ ಹುಬ್ಬು ಸೀಳಿ ಕಣ್ಣು ರಕ್ತದಲ್ಲಿ ಮುಚ್ಚಿಹೋಯಿತು. ಬಿಡಿಸಲು ಹೋದ ನೆರೆಮನೆಯ ಸುಕ್ರಿಯಜ್ಜಿ ಬಾವಿಕಟ್ಟೆಯ ಮೇಲೆ ಬಿದ್ದು, ಇಬ್ಬರ ಏಳು ತಲೆಮಾರನ್ನೂ ಬೈಯುತ್ತ ಸೊಂಟ ಹಿಡಿದುಕೊಂಡಳು. ಅಂದಿನಿಂದ ಎದುರುಬದುರಾದ ಆ ಎರಡು ಮನೆಗಳ ನಡುವೆ ಉಳಿದದ್ದು ಒಂದು ಅಂಗಳ, ಅದರಲ್ಲೊಂದು ತೆಂಗಿನಮರ. ಮಾತಂತೂ ಇಲ್ಲ.

ಇದು ದೇವರಾಜನ ಹೆಂಡತಿ ಗಂಗೆಗೆ ಸಹಿಸಲಾಗದ ಸಂಗತಿ. ಅಣ್ಣ ತಮ್ಮ ಸಾಯುವುದರೊಳಗೆ ಒಮ್ಮೆ ಮಾತಾಡಬೇಕು, ಅವಳಿಗೆ ಬೇರೇನೂ ಬೇಕಿರಲಿಲ್ಲ. ೨೦೦೭ರ ಮಳೆಗಾಲದಲ್ಲಿ ಕಮಲಾಕರನ ಮನೆಯ ಫೋನಿಗೆ ಬ್ರಾಡ್‌ಬ್ಯಾಂಡ್ ಬಂದು, ಸಮುದ್ರದ ಮೇಲಿನ ಮೋಡದ ಚಿತ್ರ ಮನೆಯಲ್ಲೇ ಕಾಣತೊಡಗಿದಾಗ ದೇವರಾಜ ಹೊಟ್ಟೆ ಉರಿದುಕೊಂಡು ಒಂದು ಹಳೇ ಕಂಪ್ಯೂಟರ್ ತಂದ. ಗಂಗೆಯೂ ಅವಳ ಓರಗಿತ್ತಿ ಶ್ರೀಮತಿಯೂ ಬಾವಿಯ ಹತ್ತಿರ ಗುಟ್ಟಾಗಿ ಮಾತಾಡಿಕೊಂಡರು: ಆ ಮನೆಯ ಮೋಡೆಮ್ಮಿನಿಂದ ಈ ಮನೆಗೆ ಒಂದು ವೈರು ಎಳೆದರೆ ಸಾಕಲ್ಲ. ಕಮಲಾಕರ ಹೆಂಡತಿಯ ಮುಖ ನೋಡದೆ ಒಪ್ಪಿದನಂತೆ.

"ಎಳಕಳ್ಲಿ. ವೈರೇನು ಮಾತಾಡುದಿಲ್ಲಲ."

ಆ ಕಂಪ್ಯೂಟರಿಗೆ ವೈರು ಚುಚ್ಚುವ ಜಾಗವೇ ಇರಲಿಲ್ಲ. ಒಳಗೊಂದು ನೆಟ್‌ವರ್ಕ್ ಕಾರ್ಡ್ ಕೂರಿಸಲು ನನ್ನನ್ನು ಕರೆದರು. ಡಬ್ಬಿ ಬಿಚ್ಚಿದರೆ ಹಲ್ಲಿಮೊಟ್ಟೆ, ಧೂಳು. ಸ್ಕ್ರೂಡ್ರೈವರ್ ಜಾರಿ ನನ್ನ ಹೆಬ್ಬೆರಳು ಕೊಯ್ದುಹೋಯಿತು. ರಕ್ತ ಕಂಡಾಗ ದೇವರಾಜನಿಗೆ ಈ ಕೆಲಸದ ಮೇಲೆ ಮೊದಲ ಬಾರಿ ಗೌರವ ಬಂತು. ಕಾರ್ಡ್ ಸೀಳಿನೊಳಗೆ ಇಳಿಯಲೊಲ್ಲದು. ನಾನು ಪೂಜೆಗೆ ಹೂವಿಡುವಂತೆ ಒತ್ತುತ್ತಿದ್ದೆ. ಅವನು ನನ್ನನ್ನು ಸರಿಸಿ ಹೆಬ್ಬೆರಳಿನಿಂದ ಒಂದೇ ಏಟಿಗೆ ಅಮುಕಿದ. ಕಟ್ ಎಂದಿತು. ಮುರಿಯಿತು ಅಂದುಕೊಂಡೆ, ಕೂತಿತ್ತು. ವೈರು ಸಿಕ್ಕಿಸಿದಾಗ ಕಾರ್ಡಿನ ಹಸಿರು ದೀಪ ಹತ್ತಿತು.

ಅಂಗಳದ ನಡುವೆ ವೈರು ಜೋಲುತ್ತಿದೆ ಎಂದು ಅವನು ಅದನ್ನು ತೆಂಗಿನಮರಕ್ಕೆ ಸುತ್ತಿ, ದೋಣಿಯನ್ನು ದಕ್ಕೆಯ ಕಂಬಕ್ಕೆ ಬಿಗಿಯುವಂತೆ ಕಾಲುಕೊಟ್ಟು ಎಳೆದು ಗಂಟು ಹಾಕಿದ. ಸ್ವಲ್ಪ ಸಡಿಲ ಬಿಡು ಮಾರಾಯ ಎಂದೆ.

"ಸಡ್ಲ ಬಿಟ್ರೆ ಅದು ಎಂತಾ ಕಟ್ಟಿದ್ದು?" ಎಂದ. ದೋಣಿಯವರ ಕೈಗೆ ಸಡಿಲ ಗಂಟು ಎಂಬುದು ಬರುವುದೇ ಇಲ್ಲ.

ಮೂರ್ನಾಲ್ಕು ದಿನ ಮೋಡ ನೋಡಿದ. ಆಮೇಲೆ ಜೋರು ಗಾಳಿ ಬೀಸಿತು, ಕಾರ್ಡಿನ ದೀಪ ಆರಿತು. ಗಂಗೆ ನನಗೆ ಫೋನ್ ಮಾಡಿದಳು. ನಾನು ಹೋಗಿ ಅಂಗಳದಲ್ಲಿ ಸ್ಕೂಟರಿನ ಸ್ಟ್ಯಾಂಡ್ ಹಾಕುವಷ್ಟರಲ್ಲಿ ದೇವರಾಜ ಗೋಡೆಗೆ ಒರಗಿಸಿದ್ದ ದೋಣಿಯ ಹುಟ್ಟು ಎತ್ತಿಕೊಂಡು ಅಣ್ಣನ ಜಗಲಿ ಹತ್ತಿಯಾಗಿತ್ತು. "ಕತ್ತರಿಸ್ದ್ಯಾ? ವೈರೂ ಕಣ್ಣಿಗೆ ಚುಚ್ಚತದ್ಯಾ ನಿಂಗೆ?" ಎಂದವನೇ ಬೀಸಿದ. ಗಂಜಿ ಉಣ್ಣುತ್ತಿದ್ದ ಕಮಲಾಕರ ಬಲಗೈ ಅಡ್ಡ ಹಿಡಿದ. ಎಲುಬು ಮುರಿದ ಸದ್ದು ಸ್ಕೂಟರಿನವರೆಗೆ ಕೇಳಿತು. ಆದರೂ ಅವನು ಕೂತಲ್ಲಿಂದಲೇ ತಮ್ಮನ ಹೊಟ್ಟೆಗೆ ಒದ್ದ. ಇಬ್ಬರೂ ಮೆಟ್ಟಿಲ ಮೇಲಿಂದ ಉರುಳಿ ಕೆಸರಿಗೆ ಬಿದ್ದರು. ಅಣ್ಣನ ಎಡಗೈಯಲ್ಲಿ ತಮ್ಮನ ಕುತ್ತಿಗೆ, ತಮ್ಮನ ಎರಡೂ ಕೈಯಲ್ಲಿ ಅಣ್ಣನ ಕೂದಲು. ಗಂಜಿಯೂ ರಕ್ತವೂ ಒಟ್ಟಿಗೆ ಹರಿದವು. ನಾನು ಧೈರ್ಯವಾಗಿ ತೆಂಗಿನಮರದ ಹಿಂದೆ ನಿಂತಿದ್ದೆ.

ಹಾಗೆ ನಿಂತದ್ದರಿಂದಲೇ ಗಂಟು ನನ್ನ ಮೂಗಿನ ಮುಂದಿತ್ತು. ಮರದಿಂದ ಎರಡೂ ಮನೆಗಳತ್ತ ಹೋದ ವೈರು ಎಲ್ಲೂ ತುಂಡಾಗಿರಲಿಲ್ಲ. ಗಂಟಿನ ಬುಡದಲ್ಲಿ ಮಾತ್ರ ನೀಲಿ ಸಿಪ್ಪೆ ಹಿಸುಕಿ ಬಿಳಿಚಿತ್ತು. ಅಲ್ಲಿ ಮೊಳದುದ್ದ ಕೊಯ್ದು ತೆಗೆದು ನೋಡಿದೆ. ಗಾಳಿಗೆ ಮರ ತೂಗಿದಂತೆಲ್ಲ ಒಳಗಿನ ಸಣ್ಣ ತಂತಿಗಳು ಎಳೆದು ತುಂಡಾಗಿದ್ದವು. ಯಾರೂ ಕತ್ತರಿಸಿರಲಿಲ್ಲ.

ಅದನ್ನು ಹೇಳಿದಾಗ ಕೆಸರಿನಲ್ಲಿ ಇಬ್ಬರ ಹಿಡಿತವೂ ಸಡಿಲಿತು. ಗಂಗೆ ಓಡಿಬಂದಳು. ನನ್ನ ಕೈಯಿಂದ ವೈರಿನ ತುಂಡು ಕಿತ್ತುಕೊಂಡು ಗಂಡನ ಬೆನ್ನಿಗೆ, ತೋಳಿಗೆ, ಮೋರೆಗೆ ಬಾರಿಸತೊಡಗಿದಳು. ಬಾಸುಂಡೆ ಎದ್ದು ಚರ್ಮ ಒಡೆಯಿತು. ಊರನ್ನೇ ಹೊಡೆದ ಗಂಡಸು ಕೈ ಎತ್ತಲಿಲ್ಲ. ಶ್ರೀಮತಿಯೇ ಬಂದು ತಡೆದಳು.

ಆಸ್ಪತ್ರೆಗೆ ಬಂದ ಪೊಲೀಸರಿಗೆ ಕಮಲಾಕರ ದೋಣಿಯ ಮೇಲೆ ಜಾರಿ ಬಿದ್ದೆ ಎಂದು ಹೇಳಿದ. ದೇವರಾಜನಿಗೆ ಇದು ಹುಟ್ಟಿನ ಏಟಿಗಿಂತ ಜೋರಾಗಿ ತಾಗಿತು. ತಿರುಗಿ ಹೊಡೆಯುತ್ತಾನೆಂದು ಕಾದ. ಅಣ್ಣ ಈ ಕಡೆ ನೋಡಲೂ ಇಲ್ಲ. ಗಂಗೆ ಅನ್ನ ಬಡಿಸಿ ಒಳಗೆ ಹೋಗಿಬಿಡುತ್ತಿದ್ದಳು. ನಾನು ಹೊಸ ವೈರು ಎಳೆದುಕೊಟ್ಟೆ. ಅದನ್ನು ಅವನು ಮುಟ್ಟಲಿಲ್ಲ.

ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ದೋಣಿಗಳು ಇಳಿಯುವ ದಿನ ಬಂತು. ನಾನು ಮೀನಿನ ಆಸೆಗೆ ದಡದಲ್ಲಿದ್ದೆ. ಕೈಗೆ ಪ್ಲಾಸ್ಟರ್ ಹಾಕಿಕೊಂಡ ಕಮಲಾಕರನ ದೋಣಿಗೆ ತಾಂಡೇಲನಿಲ್ಲ, ಅವನ ಆಳುಗಳು ಬೀಡಿ ಸೇದುತ್ತ ನಿಂತಿದ್ದರು. ದೇವರಾಜ ತನ್ನ ದೋಣಿಯನ್ನು ಮರಳ ಮೇಲೇ ಬಿಟ್ಟು, ಯಾರನ್ನೂ ಕೇಳದೆ ಅಣ್ಣನ ದೋಣಿ ಹತ್ತಿ ಚುಕ್ಕಾಣಿ ಹಿಡಿದ.

ಕಮಲಾಕರ ಮೊಣಕಾಲು ನೀರಿನಲ್ಲಿ ನಡೆದುಬಂದ. ಒಂದೇ ಕೈಯಲ್ಲಿ ಅಂಚು ಹಿಡಿದು ಹತ್ತಿ, ಅದೇ ಎಡಗೈಯಿಂದ ತಮ್ಮನ ಕುತ್ತಿಗೆಗೆ ಎಲ್ಲರಿಗೂ ಕೇಳುವಂತೆ ಬಿಗಿದ. ದೇವರಾಜನ ಹಣೆ ಹಲಗೆಗೆ ಬಡಿದು ಹುಬ್ಬಿನ ಹಳೆಯ ಗಾಯ ಮತ್ತೆ ಒಡೆಯಿತು. ಗಂಗೆ ದಡದಲ್ಲಿ ಸೆರಗು ಕಚ್ಚಿಕೊಂಡಳು. ದೇವರಾಜ ತಿರುಗಲಿಲ್ಲ, ರಕ್ತ ಒರೆಸಲಿಲ್ಲ, ಚುಕ್ಕಾಣಿಯನ್ನೂ ಬಿಡಲಿಲ್ಲ.

ಕಮಲಾಕರ ಅವನ ಪಕ್ಕದಲ್ಲಿ ಕೂತು, ನದಿ ಕಡಲು ಸೇರುವ ಬಾಯಿಯತ್ತ ನೋಡಿದ.

"ಅಳಿವೆಲಿ ಮರಳು ಬಿದ್ದದೆ. ಬಲಕ್ಕೆ ಎಳಿಯೋ" ಎಂದ.

"ಆತು ಅಣ್ಣ" ಎಂದ ದೇವರಾಜ, ಎಳೆದ.