ಡ್ರೈವರ್ ಕಾಕಾ ಯಳವಿಯಲ್ಲಿ ಇಳಿದ ದಿನ

ಮೊನ್ನೆ ಪೇಟೆಯಿಂದ ತಂದ ಬೇದಾಣಾದ, ಅಂದರೆ ಒಣದ್ರಾಕ್ಷಿಯ ಪಾಕೀಟು ಒಡೆದು ಡಬ್ಬಿಗೆ ಸುರಿಯುವಾಗ ಗಂಧಕದ ಘಾಟು ಮೂಗಿಗೆ ಬಡಿಯಿತು. ಅದಕ್ಕೆ ಹಳದಿ ಬಣ್ಣ ಬರಲೆಂದು ಗಂಧಕದ ಹೊಗೆ ಕೊಡುತ್ತಾರೆ. ಹೊಸ ಮಾಲಿನಲ್ಲಿ ಅದರ ವಾಸನೆ ಸ್ವಲ್ಪ ಉಳಿದಿರುತ್ತದೆ. ಬೇರೆಯವರಾಗಿದ್ದರೆ ಮೂಗು ಮುರಿಯುತ್ತಿದ್ದರೇನೋ. ನಾನು ಡಬ್ಬಿಯ ಬಾಯಿಗೆ ಮುಖ ಹಚ್ಚಿ ಇನ್ನೊಮ್ಮೆ ಉಸಿರೆಳೆದುಕೊಂಡೆ. ನನ್ನ ಪಾಲಿಗೆ ಅದು ನೆರೆಮನೆಯ ವಾಸನೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಡ್ರೈವರ್ ಕಾಕಾ ಮತ್ತು ಕಾಕೂ ಸೀಜನ್ ಮುಗಿಸಿ ಊರಿಗೆ ಬಂದಿಳಿದರೆ, ಅವರ ಹಾಸಿಗೆ, ಸೀರೆ, ಧೋತರ, ರೊಟ್ಟಿಯ ಬುಟ್ಟಿ ಎಲ್ಲದಕ್ಕೂ ಇದೇ ಘಾಟು ಹತ್ತಿರುತ್ತಿತ್ತು...

ಕಾಕಾ ಎಸ್.ಟಿ., ಅಂದರೆ ಸರಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಜತ್ತದಲ್ಲಿ ನಮ್ಮ ಮನೆಯ ಗೋಡೆಗೆ ಅವರ ಮನೆಯ ಗೋಡೆ ಹತ್ತಿತ್ತು. ಒಬ್ಬಳೇ ಮಗಳು ಮದುವೆಯಾಗಿ ಸಾಂಗ್ಲಿ ಸೇರಿದ್ದಳು. ಪೆನ್ಶನ್ ತಿಂದುಕೊಂಡು ಕಟ್ಟೆಯ ಮೇಲೆ ಕೂರುವ ಜಾತಿಯ ಮನುಷ್ಯ ಅವರಲ್ಲ. ನಿವೃತ್ತಿಯಾದ ವರ್ಷವೇ ಒಂದು ಹಳೆಯ ಟೆಂಪೋ ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿದರು. "ಮನ್ಯಾಗ ಕುಂತ್ರ ಮನಷ್ಯಾಗೂ ತುಕ್ಕ ಹಿಡಿತೈತ್ರಿ ಬಾಯಾರ" ಎಂದು ನನಗೆ ಹೇಳಿದ್ದರು. ನಾನು ಸಾಲಿ ಕಲಿಸುವವಳಾದ್ದರಿಂದ ಓಣಿಗೆಲ್ಲ ಬಾಯಾರು.

ಸಂಕ್ರಾಂತಿ ಮುಗಿದ ಮೇಲೆ ಗಂಡಹೆಂಡತಿ ಇಬ್ಬರೂ ಟೆಂಪೋದಲ್ಲಿ ಸ್ಟೋ, ಹೊರಸು, ಜೋಳದ ಹಿಟ್ಟಿನ ಡಬ್ಬಿ, ಒಂದು ತುಳಸಿ ಕುಂಡ ಹೇರಿಕೊಂಡು ನಾಗಜ ಫಾಟಾ ಎಂಬ ಕೂಡುರಸ್ತೆಯ ಆಚೆ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಹೋಗುತ್ತಿದ್ದರು. ಅಲ್ಲಿ ತಗಡಿನ ಒಂದು ಖೋಲಿಯಲ್ಲಿ ಬಿಡಾರ. ತೋಟಗಳಿಂದ ಶೆಡ್ಡಿಗೆ ಹಣ್ಣು ತಂದು ಹಾಕುವುದು ಕಾಕಾನ ಕೆಲಸ. ಒಣಗಿದ ದ್ರಾಕ್ಷಿಯ ತೊಟ್ಟು ಬಿಡಿಸುವ ಹೆಂಗಸರ ಮೇಲೆ ಕಣ್ಣಿಡುವುದು ಕಾಕೂನ ಕೆಲಸ. ಕಣ್ಣಿಡುವುದು ಎಂದರೆ ಅವರ ಜೊತೆ ಕೂತು ತಾನೂ ತೊಟ್ಟು ಬಿಡಿಸುತ್ತ ಹರಟೆ ಹೊಡೆಯುವುದು. ಗದರಿಸುವುದು ಆ ಹೆಣ್ಣುಮಗಳಿಗೆ ಬರುತ್ತಲೇ ಇರಲಿಲ್ಲ.

ಹೋಗುವಾಗ ನೆಟ್ಟಗೆ ಹೋಗುತ್ತಿದ್ದ ಟೆಂಪೋ ಬರುವಾಗ ಮಾತ್ರ ಊರೂರು ಅಡ್ಡಾಡಿಕೊಂಡು ಬರುತ್ತಿತ್ತು. ಅರ್ಧ ದಿನದ ದಾರಿಯೂ ಅಲ್ಲ ಅದು. ಕಾಕಾ ಇಡೀ ದಿನ ಮಾಡುತ್ತಿದ್ದರು. ಗುಡ್ಡದ ಮೇಲೆ ಗಾಳಿಯಂತ್ರಗಳ ಎತ್ತರದ ಕಂಬಗಳು ಸಾಲಾಗಿ ನಿಂತಿರುವಲ್ಲಿ ಗಾಡಿ ನಿಲ್ಲಿಸಿ, ಅವುಗಳ ರೆಕ್ಕೆಯ ನೆರಳು ಹೊಲದ ಮೇಲೆ ತಿರುಗುವುದನ್ನು ನೋಡುವುದು. ಕಾಲುವೆಗೆ ನೀರು ಬಿಟ್ಟಿದ್ದರೆ ಕಾಲು ಇಳಿಬಿಟ್ಟು ಕೂರುವುದು. ಕುರಿಹಿಂಡು ಅಡ್ಡ ಬಂದರೆ ಎಂಜಿನ್ ಆರಿಸಿ ಕುರುಬರ ಜೊತೆ ಮಳೆಯ ಮಾತು. ಬೇವಿನ ಹೂವಿನ ವಾಸನೆ ಬಂದರೆ ಅದಕ್ಕೂ ಒಂದು ನಿಲುಗಡೆ. "ಇಡೀ ಸರ್ವೀಸ್ ರಸ್ತಾ ನೋಡೀನ್ರಿ, ರಸ್ತಾದ ಆಜೂಬಾಜೂ ನೋಡೇ ಇಲ್ಲ" ಎನ್ನುವುದು ಅವರ ಸಮರ್ಥನೆ.

ಇದಲ್ಲದೆ ಅವರಿಗೆ ಇನ್ನೊಂದು ಚಟ ಇತ್ತು. ರಸ್ತೆಯ ಬದಿಗೆ ಎಸ್.ಟಿ. ಥಾಂಬಾ, ಅಂದರೆ ಬಸ್ಸು ನಿಲ್ಲುವ ಜಾಗ ಕಂಡರೆ ಸಾಕು, ಟೆಂಪೋ ತಾನಾಗಿ ನಿಲ್ಲುತ್ತಿತ್ತು. ಕಾಲು ಬ್ರೇಕಿನ ಮೇಲೆ ಹೋಗಿಯೇ ಬಿಡುತ್ತಿತ್ತು. ನಿಂತ ಮೇಲೆ ಕಂಡಕ್ಟರನ ಡಬಲ್ ಬೆಲ್ ಕೇಳದೆ ಅವರಿಗೆ ಗಾಡಿ ಎತ್ತಲು ಬರುತ್ತಿರಲಿಲ್ಲ. ಹೀಗಾಗಿ ಕಾಕೂ ಕಿಟಕಿಯಿಂದ ಕೈ ಹೊರಹಾಕಿ ಬಾಗಿಲಿನ ತಗಡಿಗೆ ಎರಡು ಸಲ ಬಡಿಯುತ್ತಿದ್ದರು. ಟಣ್ ಟಣ್. ಗಾಡಿ ಹೊರಡುತ್ತಿತ್ತು. ಅಷ್ಟರಲ್ಲಿ ಥಾಂಬಾದಲ್ಲಿ ಕಾದಿದ್ದವರು ಯಾರಾದರೂ ಹಿಂದೆ ಹತ್ತಿ ಕೂತಿದ್ದರೆ ಕಾಕೂ ಅವರನ್ನು ಇಳಿಸುತ್ತಿರಲಿಲ್ಲ. ಅವರವರ ಊರು ಬಂದಾಗ ಒಂದು ಸಲ ಬಡಿದು ಇಳಿಸಿಕೊಡುತ್ತಿದ್ದರು. ಗಂಡ ನಿವೃತ್ತನಾದ ಮೇಲೆ ಹೆಂಡತಿಗೆ ಕಂಡಕ್ಟರ್ ನೌಕರಿ ಸಿಕ್ಕಿತೆಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಒಂದು ಮಾತನ್ನು ಮಾತ್ರ ಕಾಕಾ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು. ತಮ್ಮ ಸರ್ವೀಸಿನಲ್ಲಿ ಒಬ್ಬ ಪ್ಯಾಸೆಂಜರನ್ನೂ ಹಾದಿಯಲ್ಲಿ ಬಿಟ್ಟು ಬಂದವರಲ್ಲವಂತೆ. ಒಮ್ಮೆ ಕಂಡಕ್ಟರ್ ನೋಡದೆ ಬೆಲ್ ಕೊಟ್ಟು, ನೀರು ಕುಡಿಯಲು ಇಳಿದಿದ್ದ ಮುದುಕಿಯೊಬ್ಬಳು ಹಿಂದೆ ಉಳಿದಾಗ, ಬಸ್ಸು ತಿರುಗಿಸಿ ತಂದು, ತಾವೇ ಕೆಳಗಿಳಿದು, ಆಕೆಯ ಬುಟ್ಟಿ ಎತ್ತಿ ಹತ್ತಿಸಿದ್ದರು. ಬಿಟ್ಟು ಹೋದವನೇ ಇಳಿದು ಕರೆಯಬೇಕು, ಅದು ಡ್ರೈವರನ ಧರ್ಮ ಎನ್ನುತ್ತಿದ್ದರು. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ದೇವರೇ ಬಲ್ಲ.

ಇಷ್ಟೆಲ್ಲ ಊರು ತಿರುಗುವ ಟೆಂಪೋ ಒಂದೂರಿಗೆ ಮಾತ್ರ ಹೋಗುತ್ತಿರಲಿಲ್ಲ. ಯಳವಿಗೆ. ಅಲ್ಲಿ ಕಾಕೂನ ಅಕ್ಕನ ಮನೆಯಿತ್ತು.

ಜಗಳಕ್ಕೆ ಕಾರಣ ಕೇಳಿದರೆ ನಗು ಬರುತ್ತದೆ. ಬಹಳ ವರ್ಷಗಳ ಹಿಂದೆ ಆ ಅಕ್ಕನ ಮಗನ ಮದುವೆ. ಕಾಕಾ ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಓಡಿ ಬರುವಷ್ಟರಲ್ಲಿ ಅಕ್ಷತೆ ಬಿದ್ದಾಗಿತ್ತು. ಪಂಗತಿಯಲ್ಲಿ ಎಲೆಯ ಮುಂದೆ ಕೂತಾಗ ಅಕ್ಕನ ಗಂಡ, ಅಂದರೆ ಕಾಕಾನ ಷಡ್ಡಕ, ಬಡಿಸುತ್ತ ಬಂದವನು ಎಲ್ಲರಿಗೂ ಕೇಳುವಂತೆ "ಮಂದೀನೆಲ್ಲಾ ಟೈಮಿಗೆ ಮುಟ್ಟಸ್ತಿ, ನಿನ್ನ ಗಾಡೀನ ಲೇಟ್ ಆತಲ್ಲೋ!" ಎಂದ. ಪಂಗತಿಯೆಲ್ಲ ನಕ್ಕಿತು. ಟೈಮಿನ ವಿಷಯದಲ್ಲಿ ಡ್ರೈವರನನ್ನು ಕೆಣಕಬಾರದು. ಕಾಕಾ ಎಲೆ ಮಡಿಸಿ ಎದ್ದರು. ಈ ಊರಿನಲ್ಲಿ ಇನ್ನು ಕಾಲಿಡುವುದಿಲ್ಲ ಎಂದು ಅಲ್ಲೇ ಆಣೆ ಮಾಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಮೇಲೆ ಡ್ಯೂಟಿಯ ಮೇಲೆ ಯಳವಿಗೆ ಬಸ್ಸು ತರುವ ಪ್ರಸಂಗ ಬಂದರೂ ಸೀಟು ಬಿಟ್ಟು ಇಳಿಯುತ್ತಿರಲಿಲ್ಲವಂತೆ. ಚಹಾ ಸೀಟಿಗೇ ಬರಬೇಕು. ಕಾಕೂ ಒಬ್ಬರೇ ಹೋಗಿ ಬರಬಹುದಿತ್ತಲ್ಲ ಎಂದು ನಾನೊಮ್ಮೆ ಕೇಳಿದ್ದೆ. ಅಕ್ಕನೇ ಬೇಡ ಎಂದಿದ್ದಳಂತೆ. ಬಂದರೆ ಜೋಡಿಯಾಗಿ ಬಾ, ಒಬ್ಬಳೇ ಬಂದು ನಾಲ್ಕು ಜನರಲ್ಲಿ ಗಂಡನನ್ನು ಸಣ್ಣವನನ್ನು ಮಾಡಬೇಡ ಎಂದಿದ್ದಳಂತೆ. ಹೀಗೆ ಒಂದೇ ತಾಲೂಕಿನ ಅಕ್ಕತಂಗಿ ಯಾರದೋ ಮದುವೆಯಲ್ಲಿ, ಜತ್ತದ ಸಂತೆಯಲ್ಲಿ ಕದ್ದು ಭೇಟಿಯಾಗುತ್ತ ಮುದುಕಿಯರಾದರು. ನನಗೆ ಕಾಕಾನ ಮೇಲೆ ಸಿಟ್ಟು ಬರುತ್ತಿತ್ತು. ಅದನ್ನು ಸಹಿಸಿಕೊಂಡಿದ್ದ ಕಾಕೂನ ಮೇಲೆ ಇನ್ನೂ ಹೆಚ್ಚು.

ಒಂದು ವರ್ಷ ಮಿರಜಿನಲ್ಲಿ ನನ್ನ ಟ್ರೇನಿಂಗ್ ಮುಗಿದ ದಿನವೇ ಅವರ ಸೀಜನ್ನೂ ಮುಗಿದಿತ್ತು. ಫಾಟಾದಲ್ಲಿ ನಿಂತಿರಿ, ಕರೆದುಕೊಂಡು ಹೋಗುತ್ತೇವೆ ಎಂದು ಫೋನಿನಲ್ಲಿ ಹೇಳಿದ್ದರು. ಟೆಂಪೋ ಬಂತು. ಕಾಕಾನ ಪಕ್ಕ ನಾನು, ಬಾಗಿಲ ಕಡೆ ಕಾಕೂ. ಹತ್ತಿದ ಕೂಡಲೇ ಏನೋ ಸರಿಯಿಲ್ಲ ಎಂದು ಗೊತ್ತಾಯಿತು. ಥಾಂಬಾದಲ್ಲಿ ನಿಂತಾಗ ಕಾಕೂಗೆ ತಗಡು ಬಡಿಯುವುದೂ ನೆನಪಾಗದೆ, ಕಾಕಾ ಕೆಮ್ಮಿ ಎಚ್ಚರಿಸಬೇಕಾಯಿತು. ಗಾಳಿಯಂತ್ರಗಳ ಹತ್ತಿರ ಕಾಕಾ ಇಳಿದಾಗ ಕಾಕೂ ನನ್ನ ಕೈ ಹಿಡಿದು, ಅಕ್ಕ ಹಾಸಿಗೆ ಹಿಡಿದಿದ್ದಾಳೆ, ಅನ್ನ ನೀರು ಸೇರುತ್ತಿಲ್ಲ, ಬೆಳಿಗ್ಗೆ ಸುದ್ದಿ ಬಂತು ಎಂದರು. ಗಂಡನಿಗೆ ಹೇಳಿಯೂ ಆಗಿತ್ತು. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಶೇಗಾಂವ ಬಂತು. ಜತ್ತದ ದಾರಿ ಹಿಡಿಯಬೇಕಿದ್ದ ಟೆಂಪೋ ಯಳವಿಯ ಕಡೆ ತಿರುಗಿತು. ಕಾಕೂ ಗಂಡನ ಮುಖ ನೋಡಿದರು. ಕಾಕಾ ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ಥಾಂಬಾದಾಗ ನಿಂದ್ರಸ್ತೀನಿ. ನೀ ಹೋಗಿ ಮಾರಿ ನೋಡಿ ಬಾ. ನಾ ಇಳಿಯಂಗಿಲ್ಲ" ಎಂದರು. ಅವರ ಮಟ್ಟಿಗೆ ಅದೇ ದೊಡ್ಡ ದಾನ. ಕಾಕೂ ಸೆರಗಿನಿಂದ ಮುಖ ಒರೆಸಿಕೊಂಡರು.

ಯಳವಿಯ ಥಾಂಬಾದಲ್ಲಿ ಆ ಮಧ್ಯಾಹ್ನ ನರಪಿಳ್ಳೆಯೂ ಇರಲಿಲ್ಲ. ಕಾಕೂ ಬೇದಾಣಾದ ಚೀಲ ಹಿಡಿದು ಇಳಿದರು, ಬಾಗಿಲು ಹಾಕಿದರು. ನಾನು ಹೊರಟರೆಂದುಕೊಂಡೆ. ಹೊರಡಲಿಲ್ಲ. ಸೀರೆಯ ನಿರಿಗೆ ಸರಿಮಾಡಿಕೊಂಡು, ಒಂದು ಗಳಿಗೆ ಗಂಡನ ಕಡೆ ನೋಡಿ, ಹೊರಗೆ ನಿಂತೇ ತಗಡಿಗೆ ಬಡಿದರು. ಟಣ್ ಟಣ್.

ಕಾಕಾನ ಕೈ ಗೇರು ಹಾಕಿತು. ಕಾಲು ಕ್ಲಚ್ ಬಿಟ್ಟಿತು. ಟೆಂಪೋ ಹೊರಟೇಬಿಟ್ಟಿತು! ಕೊನೆಯ ಮನೆ ದಾಟಿದ ಮೇಲೆ ನನಗೆ ಮಾತು ಬಂತು. "ಕಾಕಾ, ಕಾಕೂ ಕೆಳಗದಾರ್ರಿ!" ಎಂದು ಕೂಗಿದೆ. ಬ್ರೇಕಿಗೆ ನಾವಿಬ್ಬರೂ ಮುಂದಕ್ಕೆ ಮುಗ್ಗರಿಸಿದೆವು. ಕಾಕಾ ಬಾಗಿಲ ಕಡೆಯ ಖಾಲಿ ಸೀಟು ನೋಡಿದರು, ಕನ್ನಡಿ ನೋಡಿದರು.

"ಪ್ಯಾಸೆಂಜರ್ ಬಿಟ್ಟ ಬಂದ್ನೆಲ್ರಿ ಬಾಯಾರ..." ಎಂದರು. ಆ ದನಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಗಾಡಿ ತಿರುಗಿಸಿ ಬಂದೆವು. ಥಾಂಬಾ ಖಾಲಿ. ಎದುರಿನ ಓಣಿಯ ಬಾಯಲ್ಲೇ ಅಕ್ಕನ ಮನೆ, ತೆರೆದ ಬಾಗಿಲ ಮುಂದೆ ಕಾಕೂನ ಚಪ್ಪಲಿ ಕಾಣುತ್ತಿತ್ತು. ಕಾಕಾ ಹಾರ್ನ್ ಹೊಡೆದರು. ಯಾರೂ ಬರಲಿಲ್ಲ. ಇನ್ನೊಮ್ಮೆ, ಉದ್ದಕ್ಕೆ ಹೊಡೆದರು. ನಾನು ಕರೆದು ತರಲೇ ಎಂದೆ. "ಬಿಟ್ಟ ಹೋದಾಂವ ನಾನ್ರಿ" ಎಂದರು. ಆದರೂ ಏಳಲಿಲ್ಲ. ಬಾಗಿಲ ಹಿಡಿಕೆಗೆ ಕೈ ಹೋಗುತ್ತಿತ್ತು, ತಿರುಗಿ ಸ್ಟೇರಿಂಗಿಗೆ ಬರುತ್ತಿತ್ತು. ಅಷ್ಟು ಹೊತ್ತು ಸಿಟ್ಟಾಗಿದ್ದ ನನಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು.

ಆಗ ಒಳಗಿನಿಂದ ಮುದುಕನೊಬ್ಬ ಕೋಲೂರಿಕೊಂಡು ಹೊರಗೆ ಬಂದ. ಮೈಮೇಲೆ ಬರೀ ಬನಿಯನ್. ಯಾರೆಂದು ಕೇಳಬೇಕಾಗಿರಲಿಲ್ಲ. ಟೆಂಪೋದಿಂದ ತುಸು ದೂರ ನಿಂತು ಷಡ್ಡಕನನ್ನು ನೋಡಿದ. ಕ್ಷಮೆಯ ಮಾತಿಲ್ಲ, ಹಳೆಯದರ ಸುದ್ದಿಯಿಲ್ಲ.

"ಒಳಗ ಜಡ್ಡಿನ ಮನಷ್ಯಾಳ ಅದಾಳ. ಹಾರ್ನ್ ಹೊಡೀಬ್ಯಾಡೋ. ಬಾ" ಎಂದ.

ಕಾಕಾ ಬಾಗಿಲು ತೆರೆದು ಕೆಳಗಿಳಿದರು. ನೆಟ್ಟಗೆ ನಿಂತು, ಮೇಲಧಿಕಾರಿಯ ಮುಂದೆ ವರದಿ ಒಪ್ಪಿಸುವವರ ಹಾಗೆ "ಪ್ಯಾಸೆಂಜರ್ ಕರಕೊಂಡ ಹೋಗಾಕ ಬಂದೀನಿ" ಎಂದರು. ಮುದುಕ "ಕರಕೊಂಡ ಹೋಗು. ಅಕಿ ಏನ್ ಓಡಿ ಹೊಂಟಾಳ?" ಎನ್ನುತ್ತ ಮುಂದೆ ನಡೆದ.

ಒಳಗೆ ಹೊರಸಿನ ಮೇಲೆ ಅಕ್ಕ, ನೆಲದ ಮೇಲೆ ಅವಳ ಅಂಗಾಲು ತಿಕ್ಕುತ್ತ ತಂಗಿ. ಅಕ್ಕ ಕಾಕಾನನ್ನು ತುಂಬ ಹೊತ್ತು ನೋಡಿದಳು. ಊಟ ಮಾಡಿ ಹೋಗ್ರಿ ಎಂದು ಮೆಲ್ಲಗೆ ಹೇಳಿದಳು, ಅಷ್ಟೇ. ಸೊಸೆ ತಾಟು ತಂದಳು. ಮುದುಕ ತನ್ನ ತಾಟನ್ನೂ ತರಿಸಿಕೊಂಡು ಪಕ್ಕದಲ್ಲೇ ಕೂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ರೊಟ್ಟಿ ಝುಣಕ ತಿಂದರು. ಸ್ವಲ್ಪ ಹೊತ್ತಿನ ಮೇಲೆ ಕಾಕಾ "ಇನ್ನ ಅರ್ಧಾ ರೊಟ್ಟಿ ನೀಡವಾ" ಎಂದು ಸೊಸೆಗೆ ಹೇಳಿದರು. ಆ ಮಾತಿಗೆ ಕಾಕೂ ಅಕ್ಕನ ಕಾಲಿನ ಮೇಲೆ ಮುಖವಿಟ್ಟು ಅತ್ತುಬಿಟ್ಟರು. ನಾನೂ ಅತ್ತೆ, ಹೇಳಲು ನಾಚಿಕೆಯೇನು.

ಜತ್ತಕ್ಕೆ ಬಂದು ಸಾಮಾನು ಇಳಿಸುವಾಗ, ಬೇಕಂತಲೇ ಬಡಿದಿರಲ್ಲವೇ ಎಂದು ಕಾಕೂನನ್ನು ಮೆಲ್ಲಗೆ ಕೇಳಿದೆ. "ಬಾಯಿಲೆ ಹೇಳಿ ಹೇಳಿ ಸಾಕಾಗಿತ್ರಿ. ಇವತ್ತ ಕೈಲೆ ಹೇಳಿದ್ನಿ" ಎಂದರು. ಬೆಳಿಗ್ಗೆಯಿಂದ ಮೊದಲ ಸಲ ನಕ್ಕಿದ್ದರು.

ಅಕ್ಕ ಆ ಶ್ರಾವಣದವರೆಗೆ ಇದ್ದಳು. ಅಲ್ಲಿಯತನಕ ವಾರಕ್ಕೊಮ್ಮೆಯಾದರೂ ಟೆಂಪೋ ಯಳವಿಗೆ ಹೋಗುತ್ತಿತ್ತು. ಎಷ್ಟೋ ವರ್ಷಗಳನ್ನು ಆ ಒಂದು ಮಳೆಗಾಲದಲ್ಲಿ ತುಂಬಿಕೊಳ್ಳಲು ಅಕ್ಕತಂಗಿ ಹೆಣಗಿದರು... ತುಂಬಲಿಲ್ಲ, ಹೇಗೆ ತುಂಬೀತು?

ಕೆಲವು ವರ್ಷಗಳ ಮೇಲೆ ಕಾಕೂನೂ ಹೋದರು. ಮಗಳು ಸಾಂಗ್ಲಿಗೆ ಬಾ ಎಂದು ಕರೆದಳು. ಕಾಕಾ ಹೋಗಿದ್ದು ಯಳವಿಗೆ, ಷಡ್ಡಕನ ಮನೆಗೆ. ಒಮ್ಮೆ ನೋಡಲು ಹೋಗಿದ್ದೆ. ಇಬ್ಬರು ಮುದುಕರೂ ಕಟ್ಟೆಯ ಮೇಲೆ ಕೂತು ಬಸ್ಸು ಎಷ್ಟು ಲೇಟು ಎಂದು ಜಗಳಾಡುತ್ತಿದ್ದರು. ಹೊರಡುವಾಗ ಕಾಕಾ ಥಾಂಬಾದವರೆಗೆ ಬಂದರು. ಬಸ್ಸು ದೂರದಲ್ಲಿ ಕಂಡಾಗ ಹೇಳಿದರು:

"ಅಷ್ಟ ವರ್ಷ ಸಿಟ್ಟ ನಾ ಹೊತ್ತೀನಿ ಅಂತ ತಿಳಕೊಂಡಿದ್ನಿರಿ ಬಾಯಾರ. ಮಾಡಿದಾಂವ ನಾ. ಹೊತ್ತಾಕಿ ಅಕಿ."

ಬಸ್ಸು ಬಂತು, ಹತ್ತಿದೆ. ಅದೇ ಕೊನೆಯ ಭೇಟಿಯಾಯಿತು. ಕಳೆದ ಮಾಘದಲ್ಲಿ ಕಾಕಾನೂ ತೀರಿಕೊಂಡರು. ನೆರೆಮನೆಗೆ ಈಗ ಬಾಡಿಗೆಯವರು ಬಂದಿದ್ದಾರೆ, ಒಳ್ಳೆಯ ಜನ. ಆದರೂ ಈ ಏಪ್ರಿಲ್ ಮುಗಿಯುತ್ತ ಬಂದ ಹಾಗೆ, ಅಡುಗೆಮನೆಯಲ್ಲಿ ನಿಂತು ನಾನು ಅವರಿಬ್ಬರಿಗಾಗಿ ಕಾಯುತ್ತಿದ್ದೇನೆ. ಬರುವುದಿಲ್ಲ ಎಂದು ಗೊತ್ತಿದೆ, ಕಾಯುತ್ತಿದ್ದೇನೆ.